ಕಲರ್ ಇಲ್ಲದ ಕೆಂಪು ಗೋಬಿ: ನನ್ನ ಗಾಡಿಯ ಅನುಭವ

ನನ್ನ ಗಾಡಿಯ ಗೋಬಿ ಮಂಚೂರಿ ಕೆಂಪಗೇ ಇದೆ, ಅದರಲ್ಲಿ ಒಂದು ಚಿಟಿಕೆ ಕಲರ್ ಇಲ್ಲ. ಶಿವಮೊಗ್ಗದ ವಿನೋಬನಗರದ ಕಡೆ ಸಂಜೆ ಗಾಡಿ ಹಾಕುವವರು ಕಣ್ಣಾರೆ ನೋಡಿದ್ದಾರೆ. ಆದರೂ "ಏನೋ ಬೆರೆಸ್ತಾನೆ, ಹೇಳಲ್ಲ" ಅನ್ನುವವರಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

2024ರ ಮಾರ್ಚ್ 11ಕ್ಕೆ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಹೇಳಿದ್ದು ಎಲ್ಲರಿಗೂ ನೆನಪಿದೆ. 171 ಗೋಬಿ ಸ್ಯಾಂಪಲ್ ತೆಗೆದರೆ 107ರಲ್ಲಿ ಬಣ್ಣ. ತಪ್ಪಿದರೆ ಜೈಲು, ಲಕ್ಷಗಟ್ಟಲೆ ದಂಡ. ನಿಂತಿದ್ದು ಬಣ್ಣ, ಗೋಬಿಯಲ್ಲ. ಆದರೆ ಗಿರಾಕಿಗಳ ಕಿವಿಗೆ ಬಿದ್ದಿದ್ದು "ಗೋಬಿ ಬ್ಯಾನ್" ಅಂತಲೇ. ದಿನಕ್ಕೆ 70 ಪ್ಲೇಟ್ ಹತ್ತಿರ ಹೋಗುತ್ತಿದ್ದದ್ದು 25-30ಕ್ಕೆ ಇಳಿಯಿತು. ಬಂದವರೂ ಬೆಳ್ಳಗಿನ ಗೋಬಿ ನೋಡಿ "ಇದೆಂತ ಅಣ್ಣ, ಬೆಂದಿಲ್ವಾ?" ಎಂದು ಕೇಳುತ್ತಿದ್ದರು. ಪಕ್ಕದ ಗಾಡಿಯವರು "ಎರಡು ತಿಂಗಳಲ್ಲಿ ಗಾಡಿ ಮಾರ್ತೀಯ ಮಾರಾಯ" ಎಂದರು.

ಮೊದಲು ನೋಡಿದ್ದು ಬೀಟ್‌ರೂಟ್. ಎಲ್ಲರೂ ಹೇಳುವುದು ಅದನ್ನೇ ಅಲ್ವಾ? ಹಿಟ್ಟು ಕಲಸಿದಾಗ ನೋಡಲು ಚಂದ. ಬಾಣಲೆಗೆ ಬಿಟ್ಟ ತಕ್ಷಣ ಕಾವಿಗೆ ಬಣ್ಣ ಸತ್ತು ಮಣ್ಣಿನ ತರ ಆಗುತ್ತದೆ, ಮೇಲೆ ಸಿಹಿ ಬೇರೆ. ಟೊಮೆಟೊ ಕುದಿಸಿ ಗಟ್ಟಿ ಮಾಡಿ ಹಾಕಿದೆ. ಹುಳಿ ಜಾಸ್ತಿ, ಗ್ಯಾಸ್ ದಂಡ. ಆಮೇಲೆ ಮೆಣಸಿನ ಪುಡಿಯನ್ನೇ ಹಿಟ್ಟಿಗೆ ಧಾರಾಳವಾಗಿ ಹಾಕಿದೆ. ಅದರಿಂದ ಆದ ನಷ್ಟವೇ ದೊಡ್ಡದು. ಪುಡಿ ಎಣ್ಣೆಗೆ ಇಳಿದು ತಳದಲ್ಲಿ ಸುಟ್ಟು, ಎಣ್ಣೆ ಒಂದೇ ಸಂಜೆಗೆ ಕಪ್ಪು. ಕರಿಯುವ ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್ (ಎಣ್ಣೆ ಕಾದು ಕಾದು ಕೆಟ್ಟಾಗ ಹುಟ್ಟುವ ಅಂಶ) ಶೇ 25 ದಾಟಬಾರದು ಎನ್ನುವ ನಿಯಮ ಇದೆ. ನಮ್ಮ ಹತ್ತಿರ ಅಳೆಯುವ ಮೆಷಿನ್ ಇಲ್ಲ, ಆದರೆ ಕಪ್ಪಾಗಿ, ನೊರೆ ಬಂದು, ಬೇಗ ಹೊಗೆ ಏಳುವ ಎಣ್ಣೆ ಕೆಟ್ಟಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಚೆಲ್ಲಿದೆ. ಆ ತಿಂಗಳು ಎಣ್ಣೆಗೇ ಮೂರು ಸಾವಿರದಷ್ಟು ಜಾಸ್ತಿ ಹೋಯಿತು.

ದಾರಿ ಸಿಕ್ಕಿದ್ದು ಬ್ಯಾಡಗಿ ಮೆಣಸಿನಲ್ಲಿ. ಬಣ್ಣ ನಿಂತ ಅದೇ ಮಾರ್ಚ್ 11ಕ್ಕೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಬಿತ್ತೆಂದು ರೈತರು ಸಿಟ್ಟಿಗೆದ್ದು ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಬೆಳೆದವರ ಹೊಟ್ಟೆ ಉರಿಯುವಾಗ ನಾವು ಇಲ್ಲಿ ಪೊಟ್ಟಣದ ಬಣ್ಣ ಹೋಯಿತೆಂದು ಅಳುತ್ತಿದ್ದೆವು. ಒಳ್ಳೆ ಬಣ್ಣ ನೂರು ಕಿಲೋಮೀಟರ್ ಆಚೆ ಮೂಟೆಯಲ್ಲಿ ಬಿದ್ದಿತ್ತು. ಇದು ಈಗಲೂ ನನ್ನನ್ನು ಕಾಡುತ್ತದೆ.

ತಗೊಳ್ಳುವುದಾದರೆ ಬ್ಯಾಡಗಿಯಲ್ಲೇ ‘ಡಬ್ಬಿ’ ಅನ್ನುವ ಜಾತಿಯ ಮೆಣಸನ್ನೇ ತಗೊಳ್ಳಿ. ಗಿಡ್ಡ, ದಪ್ಪ, ಖಾರ ಕಡಿಮೆ, ಬಣ್ಣ ಜಾಸ್ತಿ. ತೊಟ್ಟು, ಬೀಜ ಪೂರ್ತಿ ತೆಗೆಯಬೇಕು. ಒಂದು ಕೆಜಿಗೆ ಕೈಗೆ ಉಳಿಯುವುದು ಆರು ನೂರು ಗ್ರಾಂ ಇರಬಹುದು. ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಬೆಳ್ಳುಳ್ಳಿ ಜೊತೆ ಬೆಣ್ಣೆಯ ಹಾಗೆ ನುಣ್ಣಗೆ ರುಬ್ಬಬೇಕು. ತರಿ ಉಳಿದರೆ ಕೆಲಸ ಕೆಟ್ಟಿತು. ನೆನೆಸುವ ನೀರಿಗೆ ನಾನು ಇನ್ನೊಂದು ಹಾಕುತ್ತೇನೆ, ಅಡುಗೆಮನೆಯದೇ ಸಾಮಾನು. ಅದನ್ನು ಮಾತ್ರ ಹೇಳಲ್ಲ.

ಮುಖ್ಯ ಮಾತು ಇದು: ಮೆಣಸಿನ ಕೆಂಪು ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಅದೂ ಸಣ್ಣ ಉರಿಯಲ್ಲಿ. ಹಾಗಾಗಿ ಹಿಟ್ಟಿಗೆ ಈಗ ಒಂದು ಚೂರೂ ಮೆಣಸು ಹಾಕುವುದಿಲ್ಲ. ಮೈದಾ, ಕಾರ್ನ್‌ಫ್ಲೋರ್, ಸ್ವಲ್ಪ ಅಕ್ಕಿ ಹಿಟ್ಟು, ಉಪ್ಪು, ಅಷ್ಟೇ. ಗೋಬಿ ಬೆಳ್ಳಗೇ ಕರಿಯಲಿ. ಬೇರೆ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಬೆಚ್ಚಗಾದಾಗ ರುಬ್ಬಿದ್ದನ್ನು ಹಾಕಿ, ಸುಮ್ನೆ ಬಿಡಬೇಕು. ಮೊದಲು ಮಂಕಾಗಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಎಣ್ಣೆ ಬಿಡುತ್ತದೆ, ಆ ಎಣ್ಣೆ ಕಡುಕೆಂಪು. ಆಗ ಈರುಳ್ಳಿ, ದೊಣ್ಣಮೆಣಸು, ಸಾಸ್, ಕಾರ್ನ್‌ಫ್ಲೋರ್ ನೀರು. ಕೊನೆಗೆ ಗೋಬಿ ಹಾಕಿ ಎರಡು ಸಲ ಎಗರಿಸಿದರೆ ಮುಗಿಯಿತು. ಉರಿ ಜಾಸ್ತಿ ಮಾಡಿದಿರೋ, ಕಂದು ಆಯಿತು. ರಶ್ ಇದ್ದಾಗ ಅಷ್ಟು ಹೊತ್ತು ಎಲ್ಲಿ ಎಂದು ಕೇಳುತ್ತೀರಿ. ನಾನು ಮಧ್ಯಾಹ್ನವೇ ಮನೆಯಲ್ಲಿ ಒಟ್ಟಿಗೆ ಬಾಡಿಸಿ ಡಬ್ಬಿಗೆ ತುಂಬಿಕೊಂಡು ಬರುತ್ತೇನೆ.

ಒಂದು ಪ್ಲೇಟಿಗೆ ಇದರ ಖರ್ಚು 3-4 ರೂಪಾಯಿ. ಕಲರ್ ಪೊಟ್ಟಣಕ್ಕೆ ಹತ್ತು ಪೈಸೆಯೂ ಬೀಳುತ್ತಿರಲಿಲ್ಲ, ನಿಜ. ಆದರೆ ಎಣ್ಣೆ ತಿಳಿಯಾಗಿ ಉಳಿಯುವುದರಿಂದ ಅರ್ಧ ಖರ್ಚು ವಾಪಸ್ ಬರುತ್ತದೆ. ಪ್ಲೇಟಿಗೆ 40 ಇದ್ದದ್ದನ್ನು 50 ಮಾಡಿದೆ, ಯಾರೂ ಜಗಳ ಮಾಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ 70 ದಾಟಿತು. ಈಗ ಶನಿವಾರ, ಭಾನುವಾರ ನೂರರ ಹತ್ತಿರ. ಗಾಡಿ ಮಾರ್ತೀಯ ಎಂದವರೇ ಈಗ ಮೆಣಸು ಎಲ್ಲಿ ತರ್ತೀಯ ಎಂದು ಕೇಳುತ್ತಾರೆ.

ಇನ್ನೊಂದು ವಿಷಯ. ನೀವು ಕಲರ್ ಹಾಕದಿದ್ದರೂ ಸಾಸ್ ಬಾಟಲಿಯಲ್ಲಿ ಬರಬಹುದು. ಲೇಬಲ್ ಹಿಂದೆ ಸಣ್ಣಕ್ಷರದಲ್ಲಿ 102, 110, 122, 124 ಎಂದು ಇದ್ದರೆ ಅದು ಅದೇ ಬಣ್ಣ. ಸ್ಯಾಂಪಲ್‌ನಲ್ಲಿ ಸಿಕ್ಕಿದರೆ ಬಾಟಲಿಯದು ಎಂದರೆ ಯಾರು ಕೇಳುತ್ತಾರೆ? ಬಿಡಿ ಮೆಣಸಿನ ಪುಡಿಯನ್ನೂ ಲೋಟದ ನೀರಿನ ಮೇಲೆ ಉದುರಿಸಿ ನೋಡಿ. ಕೆಂಪು ಗೆರೆಗಳು ಎಳೆಎಳೆಯಾಗಿ ಕೆಳಗೆ ಇಳಿದರೆ ಬಣ್ಣ ಬೆರೆತಿದೆ. ಫುಡ್ ಸೇಫ್ಟಿ ನೋಂದಣಿ ಇಲ್ಲದವರು ಮಾಡಿಸಿಬಿಡಿ, ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಫೀಸು ಇತ್ತು. ಆ 14 ಅಂಕಿಯ ನಂಬರನ್ನು ಗಾಡಿಗೆ ದೊಡ್ಡದಾಗಿ ಬರೆಸಿದ ಮೇಲೆ ಮಕ್ಕಳನ್ನು ಕರೆದುಕೊಂಡು ಬರುವ ಅಮ್ಮಂದಿರು ನನ್ನಲ್ಲಿ ಜಾಸ್ತಿ ಆದರು.

ನಡುವೆ ವಿನೆಗರ್ ಬದಲು ಮುರುಗಲು (ಕೋಕಂ) ಸಿಪ್ಪೆ ನೆನೆಸಿದ ನೀರು ಹಾಕಿ ನೋಡಿದೆ. ಬಣ್ಣ ಕಪ್ಪಾಯಿತು, ಗಿರಾಕಿಗೆ ಕೊಡಲಿಲ್ಲ. ರುಚಿ ಮಾತ್ರ ಎಂಥ ರುಚಿ! ಮನೆಯವರೆಲ್ಲ ಬಟ್ಟಲು ನೆಕ್ಕಿದರು. ಅದನ್ನು ಅಣಬೆಗೆ ಹಾಕುವ ಯೋಚನೆ ಇದೆ.

ಈಗ ಕಣ್ಣು ಬಿದ್ದಿರುವುದು ಕೆಂಪು ಬಣ್ಣ ಬಿಡುವ ರಂಗಮಾಲೆ (ಅನಾಟೊ) ಬೀಜದ ಮೇಲೆ. ತೀರ್ಥಹಳ್ಳಿ, ಹೊಸನಗರ ಕಡೆ ಯಾರ ಹಿತ್ತಲಲ್ಲಾದರೂ ಗಿಡ ಇದ್ದರೆ ಕಾಲು ಕೆಜಿ ಬೀಜ ಇಟ್ಟಿರಿ, ದುಡ್ಡು ಕೊಟ್ಟೇ ತಗೊಳ್ಳುತ್ತೇನೆ. ಗಾಡಿಗೆ ತರುವ ಮುಂಚೆ ಆಹಾರ ಸುರಕ್ಷತಾ ಅಧಿಕಾರಿಯನ್ನು ಒಂದು ಮಾತು ಕೇಳಬೇಕು.