ಕಾಟರ್ ಪಿನ್ ಹೇಗೆ ತೆಗೀತೀರಿ? ಹಳೇ ಸೈಕಲ್ ರಿಪೇರಿಗೆ ಕೊಡುವ ಮುನ್ನ

ಹಳೇ ಸೈಕಲ್ಲನ್ನು ಹೊಸ ಅಂಗಡಿಗೆ ಒಯ್ದರೆ ನಾನು ಕೇಳುವುದು ಒಂದೇ ಪ್ರಶ್ನೆ. "ಕಾಟರ್ ಪಿನ್ ಹೇಗೆ ತೆಗೀತೀರಿ?" ಕ್ರ್ಯಾಂಕನ್ನು (ಪೆಡಲ್ ಕೂರುವ ತೋಳು) ಆಕ್ಸಲ್‌ಗೆ ಹಿಡಿದಿಡುವ, ಒಂದು ಬದಿ ಇಳಿಜಾರಾಗಿರುವ ಸಣ್ಣ ಪಿನ್ ಅದು. "ಅದೇನು ಬಿಡಿ, ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿದರೆ ಬರುತ್ತೆ" ಅಂದರೆ ಸುಮ್ನೆ ಸೈಕಲ್ ತಳ್ಳಿಕೊಂಡು ವಾಪಸ್ ಬರುತ್ತೇನೆ. "ಪಿನ್ ಒತ್ತಿ ತೆಗೆಯುವ ಪ್ರೆಸ್ ಇದೆ" ಅಂದರೆ, ಇಲ್ಲವೇ "ಕೆಳಗೆ ಪೈಪ್ ಕೊಟ್ಟು ಹೊಡೀತೀನಿ" ಅಂದರೆ ನಂಬಿ ಬಿಡಬಹುದು.

ಇದರಲ್ಲಿ ಈಗಿನ ಹುಡುಗರ ತಪ್ಪೇನಿಲ್ಲ. ಅವರು ಕೆಲಸ ಕಲಿಯುವ ಹೊತ್ತಿಗೆ ಬೇರಿಂಗ್ ಎಲ್ಲ ಮುಚ್ಚಿದ ಡಬ್ಬಿಯಾಗಿ ಬರುತ್ತಿತ್ತು. ಸವೆದರೆ ಬಿಸಾಕು, ಹೊಸದು ಹಾಕು. ಹಳೇ ಸೈಕಲ್ ಹಾಗಲ್ಲ. ಅದರ ಒಂದೊಂದು ಭಾಗವನ್ನೂ ಬಿಚ್ಚಬಹುದು, ತೊಳೆಯಬಹುದು, ಮತ್ತೆ ಹದಕ್ಕೆ ತರಬಹುದು. ಹದ ಗೊತ್ತಿರುವವರು ಸಿಗದಿದ್ದರೆ ಕಾಟರ್ ಕೆಲಸವನ್ನು ನೀವೇ ಮಾಡಿ.

ನಟ್ಟನ್ನು ಪೂರ್ತಿ ಬಿಚ್ಚಬೇಡಿ. ಅದರ ಮೇಲ್ಭಾಗ ಪಿನ್ನಿನ ತುದಿಗೆ ಸಮ ಬರುವ ತನಕ ಸಡಿಲಿಸಿ, ಆಗ ಏಟು ಬಿದ್ದರೂ ಥ್ರೆಡ್ ಉಳಿಯುತ್ತೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಒಳ್ಳೆಯದು. ಈಗ ಗಟ್ಟಿ ನೆಲದ ಮೇಲೆ ಒಂದು ಕಬ್ಬಿಣದ ಪೈಪ್ ನಿಲ್ಲಿಸಿ. ಪಿನ್ನಿನ ದಪ್ಪ ತಲೆ ಪೈಪಿನ ತೂತಿನೊಳಗೆ ಇಳಿಯಬೇಕು, ಕ್ರ್ಯಾಂಕ್ ಪೈಪಿನ ಅಂಚಿನ ಮೇಲೆ ಕೂರಬೇಕು. ಪೈಪಿನ ಉದ್ದ ಸರಿಹೋಗದಿದ್ದರೆ ಕೆಳಗೆ ಹಲಗೆ ಕೊಟ್ಟು ಎತ್ತರಿಸಿ. ಈ ಆಧಾರವೇ ಇಡೀ ಕೆಲಸದ ಗುಟ್ಟು. ಅದಿಲ್ಲದೆ ಹೊಡೆದರೆ ಏಟೆಲ್ಲ ಒಳಗಿನ ಬಾಲ್ಸ್‌ಗೆ ಹೋಗಿ, ಅವು ಉರುಳುವ ಬಟ್ಟಲಿನಲ್ಲಿ, ಅಂದರೆ ಕಪ್ಪಿನಲ್ಲಿ, ಗುಳಿ ಬೀಳುತ್ತೆ.

ಆಮೇಲೆ ಭಾರದ ಸುತ್ತಿಗೆಯಲ್ಲಿ ಒಂದೇ ಜೋರು ಏಟು. ಹೆದರಿ ಟಕಟಕ ಅಂತ ಸಣ್ಣ ಏಟು ಹಾಕುವವರೇ ಪಿನ್ ಕೆಡಿಸುವುದು. ತುದಿ ಅಣಬೆಯ ಹಾಗೆ ಹರಡಿಕೊಂಡರೆ ಅದು ತೂತಿನಿಂದ ಆಚೆ ಬರುವುದಿಲ್ಲ, ಡ್ರಿಲ್ ಹಾಕಬೇಕಾಗುತ್ತೆ.

ಹೊಸ ಪಿನ್ ತರುವ ಮೊದಲು ಹಳೆಯದರ ದಪ್ಪ ಅಳೆಯಿರಿ. ಇಂಗ್ಲಿಷ್ ಸೈಕಲ್ಲುಗಳಲ್ಲಿ ಹೆಚ್ಚಾಗಿ 9.5 ಮಿ.ಮೀ., ಬೇರೆ ಕಡೆಯವುಗಳಲ್ಲಿ 9 ಅಥವಾ 8.5 ಕೂಡ ಇರುತ್ತೆ. ಪಿನ್ನಿನ ಚಪ್ಪಟೆ ಮುಖವನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಹೊಂದಿಸಿ. ಎರಡು ಪಿನ್ನುಗಳನ್ನೂ ಎದುರುಬದುರು ದಿಕ್ಕಿನಿಂದ ಹಾಕಬೇಕು, ಇಲ್ಲದಿದ್ದರೆ ಎರಡು ಪೆಡಲ್ ಒಂದೇ ಸಾಲಿಗೆ ಬರುವುದಿಲ್ಲ. ಇನ್ನೊಂದು ಮಾತು: ನಟ್ ಬಿಗಿದು ಪಿನ್ ಎಳೆಯಬೇಡಿ. ಪಿನ್ನನ್ನು ಒತ್ತಿ ಇಲ್ಲವೇ ಹೊಡೆದು ಕೂರಿಸಬೇಕು, ನಟ್ ಇರುವುದು ಅದು ಬೀಳದ ಹಾಗೆ ನೋಡಿಕೊಳ್ಳಲು ಅಷ್ಟೇ. ಒಂದಿಷ್ಟು ಓಡಿಸಿದ ಮೇಲೆ ಮತ್ತೊಮ್ಮೆ ಒತ್ತಿ, ನಟ್ ಬಿಗಿ ಮಾಡಿ.

ಕ್ರ್ಯಾಂಕ್ ಬಿಚ್ಚಿದ್ದೇ ಆಯ್ತು ಅಂದ ಮೇಲೆ ಒಳಗಿನ ಬಾಲ್ಸ್ ಬದಲಿಸದೆ ಮುಚ್ಚುವುದು ಸೋಮಾರಿತನ. ಸಾಮಾನ್ಯವಾಗಿ ಕಾಲು ಇಂಚಿನವು, ಒಂದು ಬದಿಗೆ 11. ಎಡಗಡೆ ಕಪ್ ಮಾತ್ರ ಬಿಚ್ಚಿ. ಬಲಗಡೆಯದನ್ನು ಇದ್ದಲ್ಲೇ ಒರೆಸಿ, ಟಾರ್ಚ್ ಬಿಟ್ಟು ಗುಳಿ ಇದೆಯಾ ನೋಡಿ. ಅದನ್ನು ಬಿಚ್ಚಲೇಬೇಕಾದರೆ ನೆನಪಿಡಿ, ಇಂಗ್ಲಿಷ್ ಫ್ರೇಮುಗಳಲ್ಲಿ ಅದರ ಥ್ರೆಡ್ ಉಲ್ಟಾ. ಎಡ ಪೆಡಲಿನದ್ದೂ ಉಲ್ಟಾನೇ.

ಹಿಂದಿನ ಚಕ್ರದಲ್ಲಿ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ (ಗೇರ್ ಒಳಗೇ ಇರುವ ಚಕ್ರದ ನಡುಭಾಗ) ಇದ್ದರೆ ನೀವು ಅದೃಷ್ಟವಂತರು. ಅದರ ಎ.ಡಬ್ಲ್ಯೂ. (AW) ಮಾದರಿ 1930ರ ದಶಕದ್ದು, ಇವತ್ತಿಗೂ ಓಡುತ್ತಿದೆ. ಎಷ್ಟೋ ಹಬ್ಬುಗಳ ಮೈಮೇಲೆ ತಯಾರಾದ ವರ್ಷದ ಅಂಕಿ ಕೆತ್ತಿರುತ್ತೆ, ಸೈಕಲ್ಲಿನ ವಯಸ್ಸು ಊಹಿಸಲು ಅದೇ ಸುಲಭದ ದಾರಿ. "ಗೇರ್ ಜಾರುತ್ತೆ, ಹಬ್ ಹೋಯ್ತು" ಅಂದರೆ ತಕ್ಷಣ ಒಪ್ಪಬೇಡಿ. ಜಾಸ್ತಿ ಸಲ ಕೇಬಲ್ ಲೂಸಾಗಿರುತ್ತೆ, ಅಷ್ಟೇ. ಲಿವರನ್ನು ಎರಡನೇ ಗೇರಿಗೆ ಇಡಿ. ಬಲಗಡೆ ನಟ್ಟಿನ ಕಿಂಡಿಯಲ್ಲಿ ನೋಡಿ. ಕೇಬಲ್ಲಿಗೆ ಸೇರಿದ ಸಣ್ಣ ಚೈನ್ ಮುಗಿದು ಕಡ್ಡಿ ಶುರುವಾಗುವ ಜಾಗ ಆಕ್ಸಲ್ ತುದಿಗೆ ಸಮ ಇರಬೇಕು. ಇರದಿದ್ದರೆ ಕೇಬಲ್ ತಿರುಪು ತಿರುಗಿಸಿ ಸರಿ ಮಾಡಿ. ಇದನ್ನು ಕಡೆಗಣಿಸಬೇಡಿ: ಎರಡಕ್ಕೂ ಮೂರಕ್ಕೂ ನಡುವೆ ಯಾವ ಗೇರೂ ಹಿಡಿಯದ ಒಂದು ಜಾಗವಿದೆ. ಎದ್ದು ನಿಂತು ತುಳಿಯುವಾಗ ಅಲ್ಲಿಗೆ ಜಾರಿದರೆ ಕಾಲು ಗಾಳಿ ತುಳಿಯುತ್ತೆ. ಹಬ್ಬಿನ ಮೇಲೆ ಎಣ್ಣೆ ಬಿಡುವ ತೂತಿದ್ದರೆ ಆಗಾಗ ಕೆಲವು ಹನಿ ತೆಳು ಮೋಟಾರ್ ಎಣ್ಣೆ ಬಿಡಿ.

ಟೈರ್ ಕೊಳ್ಳುವಾಗ "26 ಇಂಚು" ಅಂತಷ್ಟೇ ಹೇಳಬೇಡಿ. ಹಳೇ 26 × 1 3/8 ಟೈರಿನ ರಿಮ್ ಅಳತೆ ಸಾಮಾನ್ಯವಾಗಿ 590 ಮಿ.ಮೀ., ಮೌಂಟನ್ ಬೈಕಿನ 26 ಇಂಚಿನದ್ದು 559. ಒಂದಕ್ಕೊಂದು ಕೂರುವುದೇ ಇಲ್ಲ. ಟೈರ್ ಪಕ್ಕದಲ್ಲಿ 37-590 ಅಂತ ಅಚ್ಚಾಗಿರುವ ಅಂಕಿಯನ್ನೇ ಬರೆದುಕೊಂಡು ಹೋಗಿ.

ಹಳೇ ರ‍್ಯಾಲಿ ಸೈಕಲ್ ಅಂಗಡಿಗೆ ಬಿಡುವವರು ಇನ್ನೊಂದು ವಿಷಯ ಹೇಳಿಬಿಡಿ. ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ಎಷ್ಟೋ ರ‍್ಯಾಲಿಗಳ ಕ್ರ್ಯಾಂಕ್ ಕಪ್ಪಿನಲ್ಲಿ ಇಂಚಿಗೆ ಥ್ರೆಡ್ಡಿನ 26 ಸುತ್ತು, ಬೇರೆ ಇಂಗ್ಲಿಷ್ ಸೈಕಲ್ಲುಗಳಲ್ಲಿ 24. ಗೊತ್ತಿಲ್ಲದವರು 24ರ ಕಪ್ಪನ್ನು ಬಲವಂತವಾಗಿ ತಿರುಗಿಸಿದರೆ ಫ್ರೇಮಿನ ಥ್ರೆಡ್ಡೇ ಹೋಗುತ್ತೆ. ಅದಕ್ಕೇ, ಬಿಚ್ಚಿದ ಹಳೇ ಕಪ್ಪನ್ನು ಯಾವ ಕಾರಣಕ್ಕೂ ಬಿಸಾಡಬೇಡಿ, ಡಬ್ಬಿಗೆ ಹಾಕಿ ವಾಪಸ್ ಕೊಡಿ ಅಂತ ಮೊದಲೇ ಹೇಳಿ, ಚೀಟಿಯ ಮೇಲೂ ಬರೆಸಿ.