ಬಸ್ಸೋ, ರೈಲೋ? ನಿತ್ಯದ ಓಡಾಟಕ್ಕೆ ಲೆಕ್ಕ ಹಾಕುವುದು ಹೇಗೆ

ದೊಡ್ಡ ನಗರಕ್ಕೆ ದಿನಾ ಹೋಗಿಬರುವವರು ವೇಳಾಪಟ್ಟಿ ನೋಡಿ, ಯಾವುದಕ್ಕೆ ನಿಮಿಷ ಕಡಿಮೆಯೋ ಅದರ ಪಾಸ್ ಮಾಡಿಸಿಬಿಡುತ್ತಾರೆ. ನೋಡಬೇಕಾದದ್ದು ಬೇರೆ: ಮನೆ ಬಾಗಿಲಿನಿಂದ ಕೆಲಸದ ಜಾಗಕ್ಕೆ, ಅದೂ ಕೆಟ್ಟ ದಿನದಲ್ಲಿ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು.

ಮೊದಲು ಅಳೆಯಿರಿ. ಒಂದು ವಾರ ಬಸ್ಸು, ಒಂದು ವಾರ ರೈಲು. ಮನೆ ಬಿಟ್ಟದ್ದು, ಗಾಡಿ ಹೊರಟದ್ದು, ಇಳಿದದ್ದು, ಕೆಲಸದ ಜಾಗ ಮುಟ್ಟಿದ್ದು: ನಾಲ್ಕೂ ಸಮಯ ಮೊಬೈಲಿನಲ್ಲಿ ಬರೆದಿಡಿ. ರಜೆ ಬರುವ ವಾರ ಬೇಡ. ಸರಾಸರಿಯನ್ನೂ ನಂಬಬೇಡಿ. ನಾಲ್ಕು ದಿನ ಬೇಗ ತಲುಪಿ ಐದನೇ ದಿನ 40 ನಿಮಿಷ ತಡವಾದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಅತಿ ಹೆಚ್ಚು ಹೊತ್ತು ಹಿಡಿದ ದಿನವನ್ನೇ ಹಿಡಿದು ಹೋಲಿಸಿ.

ಬಸ್ಸಿನ ಸಮಯ ಸೋರುವುದು ಹೆದ್ದಾರಿಯಲ್ಲಲ್ಲ, ನಗರದೊಳಗೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ 50 ಕಿ.ಮೀ. ದಾಟಲು 38 ನಿಮಿಷ ಸಾಕು. ಕೊನೆಯ 10 ಕಿ.ಮೀ. ದಟ್ಟಣೆಯಲ್ಲಿ ವೇಗ 15ಕ್ಕೆ ಇಳಿದರೆ ಅಷ್ಟಕ್ಕೇ 40 ನಿಮಿಷ! ಆದ್ದರಿಂದ ಎರಡು ಪ್ರಯೋಗ ಮಾಡಲೇಬೇಕು. ಒಂದು, ದಟ್ಟಣೆ ಏರುವ ಮೊದಲೇ ಊರೊಳಗೆ ಸೇರುವ, 20–30 ನಿಮಿಷ ಮುಂಚಿನ ಬಸ್ಸು. ಎರಡು, ನಗರದ ಅಂಚಿನಲ್ಲೇ ಇಳಿದು ಮೆಟ್ರೊ ಹಿಡಿಯುವುದು. ಬಸ್ಸಿನಲ್ಲಿ ತಲೆಸುತ್ತು ಬರುವವರು ಹಿಂದಿನ ಚಕ್ರಕ್ಕಿಂತ ಮುಂದೆ, ನಡುಭಾಗದಲ್ಲಿ ಕೂರಲಿ, ಮೊಬೈಲ್ ಬದಿಗಿಡಲಿ. ಕುಲುಕಾಟ ಅಲ್ಲಿ ಕಡಿಮೆ.

ರೈಲಿಗೆ ಟ್ರಾಫಿಕ್ ಕಾಟವಿಲ್ಲ, ಆದರೆ ಅಡ್ಡದಾರಿಯೂ ಇಲ್ಲ. ಮುಂದಿನ ಗಾಡಿ ಕೆಟ್ಟು ನಿಂತರೆ ಸಿಗ್ನಲ್ ಹಿಂದಿನವನ್ನೆಲ್ಲ ತಡೆದು ನಿಲ್ಲಿಸುತ್ತದೆ. ಬಸ್ಸು ಆಗಾಗ ಸ್ವಲ್ಪ ತಡ, ರೈಲು ಅಪರೂಪಕ್ಕೆ ಭಾರೀ ತಡ. ಹಾಗಾಗಿ ರೈಲು ಆರಿಸಿದವರಿಗೂ ಒಂದು ಬಸ್ಸಿನ ವೇಳೆ ಗೊತ್ತಿರಲಿ.

ಬೋಗಿಯ ಆಯ್ಕೆಯನ್ನು ಬಹುತೇಕರು ಗಮನಿಸುವುದೇ ಇಲ್ಲ. 12 ಬೋಗಿಗಳ ಗಾಡಿ ಸುಮಾರು 240ರಿಂದ 300 ಮೀಟರ್ ಉದ್ದ. ತಪ್ಪು ತುದಿಯಲ್ಲಿ ಇಳಿದರೆ ಗುಂಪಿನ ಹಿಂದೆ ತೆವಳುತ್ತ ಮೆಟ್ಟಿಲು ಸೇರುವಷ್ಟರಲ್ಲಿ ನಾಲ್ಕೈದು ನಿಮಿಷ ಹೋಗಿರುತ್ತದೆ. ಇಳಿಯುವ ನಿಲ್ದಾಣದ ಮೆಟ್ಟಿಲು ಯಾವ ಬೋಗಿಯೆದುರು ಬರುತ್ತದೆಂದು ಒಮ್ಮೆ ನೋಡಿಟ್ಟುಕೊಂಡು, ಹತ್ತುವಾಗಲೇ ಅಲ್ಲಿ ನಿಲ್ಲಿ. ಸೀಟು ಮುಖ್ಯವಾದರೆ ಮಾತ್ರ ಇದನ್ನು ಬಿಟ್ಟು ಜನ ಕಡಿಮೆಯಿರುವ ತುದಿಗೆ ಹೋಗಿ.

ಸಂಜೆ ಬಸ್ಸನ್ನು ಅದು ಹೊರಡುವ ನಿಲ್ದಾಣದಲ್ಲೇ ಹತ್ತುವುದು ಮೇಲು. ನಡುವಿನ ನಿಲ್ದಾಣಕ್ಕೆ ಬರುವಾಗ ಸೀಟೂ ಇರುವುದಿಲ್ಲ, ಹೊತ್ತಿನ ಖಾತರಿಯೂ ಇರುವುದಿಲ್ಲ. ಕೊನೆಯ ಗಾಡಿಯ ಜತೆ ಅದರ ಹಿಂದಿನದರ ವೇಳೆಯೂ ತಿಳಿದಿರಲಿ.

ಪಾಸ್ ಕೊನೆಗೆ. ಅದರ ಬೆಲೆಯನ್ನು ಒಂದು ದಿನದ ಹೋಗಿಬರುವ ಟಿಕೆಟ್ ದರದಿಂದ ಭಾಗಿಸಿ. ಉತ್ತರ 16 ಬಂದು, ತಿಂಗಳಿಗೆ 12 ದಿನ ಮಾತ್ರ ಹೋಗುವವರಾದರೆ ಬಿಡಿ ಟಿಕೆಟ್ಟೇ ಅಗ್ಗ. ಅವಧಿ ಕೊಂಡ ದಿನದಿಂದ ಶುರುವಾಗುವ ಪಾಸ್ ಆದರೆ, ಉದ್ದ ರಜೆ ಮುಗಿದ ಮೇಲೆ ಮಾಡಿಸಿ.