ಮೂತ್ರಪಿಂಡ ಕಸಿಯಲ್ಲಿ ದಾನಿಯ ಗಾಯ ಚಿಕ್ಕದಾದ ಬಗೆ

ಮಂಗಳೂರಿನಲ್ಲಿ ಮೂತ್ರಪಿಂಡ ಕಸಿ ಮಾಡುವ ಶಸ್ತ್ರವೈದ್ಯನಾಗಿ ನನ್ನ ಕೆಲಸದಲ್ಲಿ ಏನು ಬದಲಾಯಿತೆಂದು ಕೇಳಿದವರಿಗೆ ನಾನು ಮೊದಲು ಹೇಳುವುದು ದಾನಿಯ ವಿಷಯವನ್ನು. ರೋಗಿಯ ಮೇಲಿನ ಶಸ್ತ್ರಕ್ರಿಯೆ 1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವಳಿ ಸಹೋದರರ ನಡುವೆ ನಡೆಸಿದ ಕಸಿಯ ಕ್ರಮದಿಂದ ಬಹಳ ದೂರ ಬಂದಿಲ್ಲ. ಹೊಸ ಮೂತ್ರಪಿಂಡವನ್ನು ಕೆಳಹೊಟ್ಟೆಯ ಒಂದು ಬದಿಯಲ್ಲಿರಿಸಿ, ಅದರ ರಕ್ತನಾಳಗಳನ್ನು ಕಾಲಿನತ್ತ ಸಾಗುವ ದೊಡ್ಡ ನಾಳಗಳಿಗೆ ಹೊಲಿದು, ಮೂತ್ರನಾಳವನ್ನು ಮೂತ್ರಕೋಶಕ್ಕೆ ಕೂಡಿಸುತ್ತೇವೆ. ಹಳೆಯ ಮೂತ್ರಪಿಂಡಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಅಲ್ಲಿನ ದೊಡ್ಡ ಮುನ್ನಡೆ, ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್, ಆಮೇಲೆ ಟ್ಯಾಕ್ರೊಲಿಮಸ್ ಎಂಬ ಔಷಧಗಳಿಂದ ಬಂತು. ದಾನಿಯ ವಿಷಯದಲ್ಲಾದರೋ ಶಸ್ತ್ರಕ್ರಿಯೆಯ ದಾರಿಯೇ ಬದಲಾಯಿತು.

ನಾನು ಕಲಿಯುತ್ತಿದ್ದಾಗ ದಾನಿಯ ಪಕ್ಕೆಯಲ್ಲಿ ಗೇಣುದ್ದ ಕೊಯ್ದು, ಕೆಲವೊಮ್ಮೆ ಪಕ್ಕೆಲುಬಿನ ತುದಿಯನ್ನೂ ತೆಗೆದು ಮೂತ್ರಪಿಂಡವನ್ನು ಹೊರತೆಗೆಯುತ್ತಿದ್ದೆವು. ಕಸಿಯಾದ ಮಗ ಎದ್ದು ಓಡಾಡುವ ಹೊತ್ತಿಗೆ, ಯಾವ ಕಾಯಿಲೆಯೂ ಇಲ್ಲದೆ ಆಸ್ಪತ್ರೆಗೆ ಬಂದ ತಾಯಿ ಕೆಮ್ಮಲೂ ಹೆದರಿ ಪಕ್ಕೆ ಹಿಡಿದುಕೊಂಡು ಮಲಗಿರುತ್ತಿದ್ದಳು. ನಾನು ಕಂಡ ದಾನಿಗಳಲ್ಲಿ ಹೆಚ್ಚಿನವರು ತಾಯಂದಿರು ಮತ್ತು ಹೆಂಡತಿಯರು. ಮೀನಿನ ಬುಟ್ಟಿ ಹೊರುವವರು, ಬೀಡಿ ಕಟ್ಟುವವರು, ತೋಟದ ಕೆಲಸದವರು. "ಡಾಕ್ಟ್ರೇ, ಮತ್ತೆ ಬುಟ್ಟಿ ಹೊರ್ಲಿಕ್ಕೆ ಆಗ್ತದಾ?" ಎಂದು ಮಲ್ಪೆಯ ಒಬ್ಬ ತಾಯಿ ಕೇಳಿದ್ದರು. ಅವರಿಗೆ ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತೋರಿಸುವ, ಮಗನ ರಕ್ತದ ಕ್ರಿಯೇಟಿನಿನ್‌ನಷ್ಟೇ ಮುಖ್ಯವಾದ ಪ್ರಶ್ನೆ ಅದು.

ಹೊಟ್ಟೆಯಲ್ಲಿ ಸಣ್ಣ ತೂತುಗಳನ್ನು ಮಾಡಿ, ಕ್ಯಾಮೆರಾ ಮತ್ತು ಉದ್ದ ಉಪಕರಣಗಳನ್ನು ಒಳಗಿಳಿಸಿ ಕೆಲಸ ಮಾಡುವ ಲ್ಯಾಪ್ರೊಸ್ಕೋಪಿಯಿಂದ ದಾನಿಯ ಮೂತ್ರಪಿಂಡ ತೆಗೆಯುವ ವಿಧಾನವನ್ನು 1995ರಲ್ಲಿ ಬಾಲ್ಟಿಮೋರ್‌ನಲ್ಲಿ ರ್‍ಯಾಟ್ನರ್ ಮತ್ತು ಕವೂಸಿ ಮೊದಲಿಗೆ ನಡೆಸಿದರು. ನಾನು ಅದನ್ನು ಕೈಗೆತ್ತಿಕೊಂಡದ್ದು, ಕಾಯಿಲೆಗೆ ತುತ್ತಾದ ಮೂತ್ರಪಿಂಡಗಳನ್ನು ಆ ವಿಧಾನದಲ್ಲಿ ತೆಗೆದು ಕೈ ಪಳಗಿದ ಮೇಲೆಯೇ. ಸಿಟಿ ಆಂಜಿಯೋಗ್ರಾಮ್‌ನಲ್ಲಿ ನಾಳಗಳ ನಕ್ಷೆ ನೋಡಿಕೊಂಡು, ಸಾಧ್ಯವಿದ್ದಲ್ಲಿ ಎಡಗಡೆಯದನ್ನೇ ಆರಿಸುತ್ತೇನೆ. ಅದರ ಅಭಿಧಮನಿ ಉದ್ದವಾಗಿರುವುದರಿಂದ ರೋಗಿಯಲ್ಲಿ ಹೊಲಿಯುವುದು ಸುಲಭ. ಎರಡರಲ್ಲಿ ಒಂದು ಸ್ವಲ್ಪ ದುರ್ಬಲವಾಗಿದ್ದರೆ ಮಾತ್ರ, ಅದು ಯಾವ ಬದಿಯದೇ ಇರಲಿ, ಉತ್ತಮವಾದದ್ದು ದಾನಿಯಲ್ಲೇ ಉಳಿಯಬೇಕು. ಮೂತ್ರನಾಳವನ್ನು ಬಿಡಿಸುವಾಗ ಸುತ್ತಲಿನ ಅಂಗಾಂಶವನ್ನು ಕೆರೆದು ತೆಗೆಯಬಾರದು, ಏಕೆಂದರೆ ಅದಕ್ಕೆ ರಕ್ತ ಬರುವುದು ಅಲ್ಲಿಂದಲೇ. ಅದು ಕೆಟ್ಟರೆ ಮುಂದೆ ಮೂತ್ರ ಸೋರುತ್ತದೆ. ಮೂತ್ರಪಿಂಡವನ್ನು ಹೊರತರಲು ಬೇಕಾದ ಕೊಯ್ತವನ್ನು ಸಿಸೇರಿಯನ್ ಗಾಯದ ಜಾಗದಲ್ಲಿ ಮೊದಲೇ ಸಿದ್ಧಮಾಡಿಟ್ಟುಕೊಂಡು, ಕೊನೆಗೆ ಅಪಧಮನಿಯನ್ನೂ ಆಮೇಲೆ ಅಭಿಧಮನಿಯನ್ನೂ, ನಾಳವನ್ನು ಮುಚ್ಚಿ ಕತ್ತರಿಸುವ ಸ್ಟೇಪ್ಲರ್‌ನಿಂದ ಕತ್ತರಿಸಿ, ಕೆಲವೇ ನಿಮಿಷಗಳಲ್ಲಿ ಅದನ್ನು ಮಂಜುಗಡ್ಡೆಯ ಬೋಗುಣಿಗೆ ತಂದು ತಣ್ಣನೆಯ ದ್ರಾವಣ ಹಾಯಿಸುತ್ತೇವೆ. ಸ್ಟೇಪ್ಲರ್ ದುಬಾರಿ, ನಾಳವನ್ನು ಬಿಗಿದು ಮುಚ್ಚುವ ಪ್ಲಾಸ್ಟಿಕ್ಕಿನಂಥ ಪಾಲಿಮರ್ ಕ್ಲಿಪ್ ಅಗ್ಗ. ಆದರೆ ದಾನಿಯ ಅಪಧಮನಿಯ ಮೇಲಿಂದ ಅಂಥ ಕ್ಲಿಪ್ ಜಾರಿ ಜೀವಹಾನಿಯಾದ ಪ್ರಕರಣಗಳು ವರದಿಯಾಗಿವೆ; ಈ ಉಳಿತಾಯವನ್ನು ನಾನು ಒಪ್ಪುವುದಿಲ್ಲ.

ಯಕೃತ್ತಿನ ಕಸಿ ನನ್ನ ಕ್ಷೇತ್ರವಲ್ಲವಾದರೂ ಒಂದು ಮಾತು. ಅಲ್ಲಿ ಜೀವಂತ ದಾನಿಯಿಂದ ಒಂದು ಭಾಗವನ್ನಷ್ಟೇ ತೆಗೆಯುತ್ತಾರೆ, ಉಳಿದದ್ದು ಬೆಳೆದುಕೊಳ್ಳುತ್ತದೆ. ಆದರೂ ಕನಿಷ್ಠ ಶೇಕಡ 30ರಷ್ಟು ದಾನಿಯಲ್ಲಿ ಉಳಿಯಲೇಬೇಕು. ಪಿತ್ತನಾಳಗಳ ಕವಲು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿರುವುದರಿಂದ ದಾನಿಯ ಅಪಾಯವೂ ಮೂತ್ರಪಿಂಡದ ದಾನಿಯದಕ್ಕಿಂತ ಹೆಚ್ಚು, ಚಿಕ್ಕ ಗಾಯದ ವಿಧಾನ ಅಲ್ಲಿ ನಿಧಾನವಾಗಿ ಬಂದದ್ದು ಸಹಜ.

ಮಲ್ಪೆಯ ಆ ತಾಯಿಗೆ, ಆರು ವಾರ ಭಾರ ಎತ್ತಬೇಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಶುರುಮಾಡಿ ಎಂದು ಹೇಳಿದ್ದೆ. ಈಗಿನವರಿಗೂ ಅದನ್ನೇ ಹೇಳುತ್ತೇನೆ. ಗಾಯ ಚಿಕ್ಕದಾದ ಮೇಲೆ ಒಂದು ಹೊಸ ತೊಂದರೆಯೂ ಬಂದಿದೆ: ಬೇಗ ಗುಣವಾದ ದಾನಿ ಮತ್ತೆ ತಪಾಸಣೆಗೆ ಬರುವುದೇ ಇಲ್ಲ. ಆದುದರಿಂದ ದಾನಿಗೂ ಬೇರೆ ಫೈಲು ಇಟ್ಟಿದ್ದೇನೆ. ವರ್ಷಕ್ಕೊಮ್ಮೆ ರಕ್ತದೊತ್ತಡ, ಕ್ರಿಯೇಟಿನಿನ್, ಮೂತ್ರದಲ್ಲಿನ ಪ್ರೋಟೀನ್ ನೋಡಲೇಬೇಕು; ಬೈಂದೂರು, ಸುಳ್ಯದ ಕಡೆಯವರು ಊರಿನ ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಿ ವಾಟ್ಸಾಪ್‌ನಲ್ಲಿ ರಿಪೋರ್ಟ್ ಕಳುಹಿಸಿದರೂ ಸಾಕು. ಕೆಲವು ನೋವಿನ ಮಾತ್ರೆಗಳು ಉಳಿದ ಮೂತ್ರಪಿಂಡಕ್ಕೆ ಕೆಡುಕು ಮಾಡಬಹುದಾದ್ದರಿಂದ, ಸೊಂಟನೋವಿಗೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತೆಗೆದುಕೊಳ್ಳುವ ಮೊದಲು ನನಗೊಂದು ಫೋನ್ ಮಾಡಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡುತ್ತೇನೆ.